ಉಂಡ ಊರಿನ ಋಣ

ಹೊಟ್ಟೆಪಾಡಿಗಾಗಿ ಕಲ್ಕತ್ತೆಗೆ ಬಂದು ನೆಲೆಸಿದ ನಮ್ಮ ಮನೆಗಳಲ್ಲಿ ಸಂಜೆಯ ಮಾತು ಹೆಚ್ಚಾಗಿ ಎರಡೇ ವಿಷಯಗಳನ್ನು ಸುತ್ತುತ್ತದೆ: ಊರಲ್ಲಿ ಮಳೆ ಬಂತೇ, ಮಕ್ಕಳ ಪರೀಕ್ಷೆ ಹೇಗಾಯಿತು. ಈಚೆಗೆ ಪರಿಚಿತರೊಬ್ಬರ ಮನೆಯಲ್ಲಿ ಈ ಎರಡು ಮಾತುಗಳೂ ಒಂದಕ್ಕೊಂದು ಎದುರಾದವು. ಮನೆಯ ಹುಡುಗ ಬಿ.ಕಾಂ. ಓದುತ್ತಾನೆ. ಪರಿಸರ ಅಧ್ಯಯನದ ಪತ್ರಿಕೆಯಲ್ಲಿ ಅವನಿಗೆ ಒಳ್ಳೆಯ ಅಂಕಗಳು ಬಂದಿದ್ದವು. ತಾಯಿ ಸಂತೋಷದಿಂದ ಹೇಳುತ್ತಿರುವಾಗ ಊರಿನಿಂದ ಬಂದಿದ್ದ ಅಜ್ಜಿ ಮೊಮ್ಮಗನನ್ನು ಕೇಳಿದರು: "ಅಲ್ಲ ಮಗಾ, ಈ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ? ನಮ್ಮೂರಲ್ಲಾದರೆ ಬಾಳೆ ಬುಡಕ್ಕೆ ಹೋಗುತ್ತೆ. ಇಲ್ಲಿ?"

ಹುಡುಗ ತಬ್ಬಿಬ್ಬಾದ. ಓಝೋನ್ ಪದರದ ವಿಷಯ ಕೇಳಿದ್ದರೆ ನಿರರ್ಗಳವಾಗಿ ಹೇಳುತ್ತಿದ್ದನೇನೋ. ಅವನನ್ನು ನೋಡಿ ನಾವು ನಕ್ಕೆವು. ಆದರೆ ಮೆಟ್ಟಿಲಿಳಿದು ಬರುವಾಗ ನಮ್ಮ ನಗು ಇಳಿಯಿತು. ಇಷ್ಟು ವರ್ಷ ಈ ಊರ ನೀರು ಕುಡಿದು, ಈ ಊರ ತರಕಾರಿ ತಿಂದ ನಮಗೂ ಅದರ ಉತ್ತರ ತಿಳಿದಿರಲಿಲ್ಲ.

ತಿಳಿದುಕೊಂಡ ಮೇಲೆ ಹೇಳುತ್ತಿದ್ದೇವೆ. ಪಶ್ಚಿಮಕ್ಕೆ ಹೂಗ್ಲಿ ನದಿ ಪಕ್ಕದಲ್ಲೇ ಹರಿಯುತ್ತಿದ್ದರೂ ಕಲ್ಕತ್ತೆಯ ನೆಲದ ಇಳಿಜಾರು ಪೂರ್ವಕ್ಕೆ. ಹೀಗಾಗಿ ನಗರದ ಕೊಳಚೆ ನೀರಿನ ಬಹುಭಾಗ ಕಾಲುವೆಗಳಲ್ಲಿ ಪೂರ್ವ ದಿಕ್ಕಿಗೆ ಸಾಗುತ್ತದೆ. ಅಲ್ಲಿ ಸುಮಾರು 12,500 ಹೆಕ್ಟೇರ್ ವಿಸ್ತಾರದ ಜೌಗು ಪ್ರದೇಶವಿದೆ. ಅದರೊಳಗೆ ಮೀನು ಸಾಕುವ ನೂರಾರು ಕೊಳಗಳಿವೆ. ಬಂಗಾಳಿಗಳು ಇಂಥ ಕೊಳವನ್ನು 'ಭೇರಿ' ಎನ್ನುತ್ತಾರೆ. ನಮ್ಮ ರಣಭೇರಿಗೂ ಇದಕ್ಕೂ ಸಂಬಂಧವಿಲ್ಲ. ಕೊಳಗಳು ಆಳವಲ್ಲ, ಮನುಷ್ಯ ನಿಂತರೆ ಮುಳುಗದಷ್ಟು. ಆ ತೆಳು ನೀರಿಗೆ ಬಿಸಿಲು ತಳದವರೆಗೂ ತಾಗುತ್ತದೆ. ಬಿಸಿಲಿಗೆ ಪಾಚಿ ಬೆಳೆಯುತ್ತದೆ, ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ, ಅದರ ಬಲದಿಂದ ಸೂಕ್ಷ್ಮಾಣುಗಳು ಕೊಳಚೆಯನ್ನು ಕರಗಿಸುತ್ತವೆ, ಮೀನು ಆ ಪಾಚಿಯನ್ನು ತಿಂದು ನೀರನ್ನು ಹದದಲ್ಲಿಡುತ್ತದೆ. ಅಲ್ಲಿಂದ ಹೊರಬಿದ್ದ ನೀರು ಗದ್ದೆಗಳಿಗೆ ಹೋಗುತ್ತದೆ. ಧಾಪಾದ ಕಸದ ನೆಲದಲ್ಲಿ ಬೆಳೆದ ಹೂಕೋಸು ಮರುದಿನ ಮಾರುಕಟ್ಟೆಗೆ ಬರುತ್ತದೆ. ಮೀನು ಮುಟ್ಟದ ನಮ್ಮ ಮನೆಗಳೂ ಈ ಋಣದ ಹೊರಗಿಲ್ಲ. ಅಜ್ಜಿಯ ಬಾಳೆಯ ಬುಡ ಇಲ್ಲಿಯೂ ಇದೆ. ಅದು ಊರಷ್ಟು ದೊಡ್ಡದಾಗಿದೆ, ಅಷ್ಟೆ.

ಈ ವ್ಯವಸ್ಥೆಯನ್ನು ಯಾವ ವಿಶ್ವವಿದ್ಯಾಲಯವೂ ರೂಪಿಸಲಿಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಬಿದ್ಯಾಧರಿ ನದಿ ಹೂಳು ತುಂಬಿ ಸತ್ತಾಗ, ಉಪ್ಪುನೀರಿನ ಮೀನು ನಂಬಿದ್ದ ಜನ ಕೊಳಚೆ ನೀರಿನಲ್ಲಿ ಮೀನು ಬೆಳೆಸುವುದನ್ನು ಕೈಯಾರೆ ಕಲಿತರು. ಎಷ್ಟು ಕೊಳಚೆಯನ್ನು ಎಂದು ಬಿಡಬೇಕು, ನೀರಿನ ಬಣ್ಣ ಹೇಗಾದರೆ ತೂಬು ಮುಚ್ಚಬೇಕು ಎಂಬುದು ಅವರ ಕಣ್ಣಿಗೆ ಗೊತ್ತಿತ್ತು, ಕಾಗದದಲ್ಲಿ ಇರಲಿಲ್ಲ. 1980ರ ದಶಕದ ಆರಂಭದಲ್ಲಿ ರಾಜ್ಯ ಸರಕಾರದ ಇಂಜಿನಿಯರ್ ಧ್ರುವಜ್ಯೋತಿ ಘೋಷ್ ಅವರು ನಗರದ ಕೊಳಚೆ ಎಲ್ಲಿಗೆ ಹೋಗುತ್ತದೆಂದು ಹುಡುಕುತ್ತ ಕಾಲುವೆಯ ಜಾಡು ಹಿಡಿದು ಹೋದರು. ಅಜ್ಜಿಯ ಪ್ರಶ್ನೆಯನ್ನೇ ಕೇಳಿಕೊಂಡು ಹೊರಟ ವಿದ್ಯಾವಂತರು ಅವರು. ಓದಿದವರಾದರೂ ಅವರು ಮೀನುಗಾರರ ಬಳಿ ಕುಳಿತು ಕಲಿತರು. ಆ ಪ್ರದೇಶದ ನಕ್ಷೆ ಬರೆದರು, ಜಗತ್ತಿಗೆ ಪರಿಚಯಿಸಿದರು. 1992ರಲ್ಲಿ ನಾಗರಿಕ ಸಂಸ್ಥೆಯೊಂದರ ಅರ್ಜಿಯ ಮೇಲೆ ಕಲ್ಕತ್ತಾ ಹೈಕೋರ್ಟು ಈ ನೆಲವನ್ನು ಬೇರೆ ಉದ್ದೇಶಕ್ಕೆ ತಿರುಗಿಸದಂತೆ ತಡೆಯಿತು. 2002ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಪಟ್ಟಿಗೆ ಸೇರಿತು, 2006ರಲ್ಲಿ ರಾಜ್ಯವೇ ಇದಕ್ಕೊಂದು ಕಾಯಿದೆ ಮಾಡಿತು. ಘೋಷ್ ಅವರು 2018ರಲ್ಲಿ ತೀರಿಕೊಂಡರು.

ಹಾಗಿದ್ದರೆ ಈ ಊರಿನ ಕಾಲೇಜಿನಲ್ಲಿ ಪರಿಸರ ಓದಿದ ಹುಡುಗನಿಗೆ ಇದು ಏಕೆ ತಿಳಿದಿರಲಿಲ್ಲ? ಪಾಠ ಇಲ್ಲದೆ ಅಲ್ಲ. 1991ರಲ್ಲಿ ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಹೇಳಿತು. ಅದು ಕಾರ್ಯರೂಪಕ್ಕೆ ಬರಲು ಹನ್ನೆರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪಠ್ಯವೊಂದನ್ನು ಸಿದ್ಧಪಡಿಸಿತು. ಆ ಪಠ್ಯ ಮಾಡಿದವರು ದೂರದೃಷ್ಟಿಯುಳ್ಳವರು. ನೂರು ಅಂಕಗಳಲ್ಲಿ 25ನ್ನು ಕ್ಷೇತ್ರ ಅಧ್ಯಯನಕ್ಕೆ, ಅಂದರೆ ಹೊರಗೆ ಹೋಗಿ ತನ್ನ ಊರಿನ ಕೆರೆ, ನದಿ, ಕಸದ ರಾಶಿಯನ್ನು ಕಣ್ಣಾರೆ ನೋಡಿ ಬರೆಯುವುದಕ್ಕೆ ಮೀಸಲಿಟ್ಟರು. ಆದರೆ ನಮ್ಮ ಹುಡುಗ ಆ 25 ಅಂಕಗಳನ್ನು ಗೆಳೆಯನ ವರದಿ ನೋಡಿ ಬರೆದು ಪಡೆದನಂತೆ. ಅವನನ್ನು ದೂರಿ ಫಲವಿಲ್ಲ. ನೂರಿನ್ನೂರು ಮಕ್ಕಳನ್ನು ಒಬ್ಬ ಅಧ್ಯಾಪಕ ಎಲ್ಲಿಗೆ ಕರೆದುಕೊಂಡು ಹೋಗಬೇಕು, ಅಲ್ಲಿ ತೋರಿಸುವವರು ಯಾರು? ಕಾಲೇಜಿಗೆ ಭೇರಿಯ ದಾರಿ ಗೊತ್ತಿಲ್ಲ, ಭೇರಿಯವನಿಗೆ ಕಾಲೇಜಿನ ಬಾಗಿಲು ಗೊತ್ತಿಲ್ಲ.

ಈ ಕಂದಕದ ಮೇಲೆ ಸೇತುವೆ ಕಟ್ಟುವ ಪ್ರಯತ್ನಗಳು ನಡೆದಿವೆ. ಅವುಗಳಲ್ಲೊಂದು ನಮ್ಮ ನಾಡಿನದೇ. 1990ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಮಾಧವ ಗಾಡ್ಗೀಳ್ ಅವರು ಪಶ್ಚಿಮ ಘಟ್ಟದ ಉದ್ದಕ್ಕೂ ಇರುವ ಪದವಿ ಕಾಲೇಜುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಒಂದು ಜಾಲವಾಗಿ ಕೂಡಿಸಿದರು. ಸಣ್ಣ ಊರುಗಳ ಕಾಲೇಜುಗಳು ತಮ್ಮ ಸುತ್ತಲಿನ ಗಿಡ, ಮರ, ಹಕ್ಕಿಗಳನ್ನು ದಾಖಲಿಸಿದವು. ಮುಂದೆ ಹಳ್ಳಿಯ ಜನರ ತಿಳಿವಳಿಕೆಯನ್ನೇ ಬರೆದಿಡುವ 'ಜನತಾ ಜೀವವೈವಿಧ್ಯ ದಾಖಲೆ'ಗಳ ಕೆಲಸ ನಡೆಯಿತು. 2002ರ ಜೀವವೈವಿಧ್ಯ ಕಾಯಿದೆ ಬಂದಮೇಲೆ ಅಂಥ ದಾಖಲೆಗೆ ಶಾಸನದ ಮನ್ನಣೆಯೂ ದೊರೆಯಿತು.

ವಿಶ್ವಸಂಸ್ಥೆಯು 2005ರಿಂದ 2014ರವರೆಗಿನ ದಶಕವನ್ನು ಸುಸ್ಥಿರ ಅಭಿವೃದ್ಧಿಗಾಗಿ ಶಿಕ್ಷಣದ ದಶಕವೆಂದು ಸಾರಿದಾಗ, ಟೋಕಿಯೋದಲ್ಲಿರುವ ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ ಇಂಥದೇ ಒಂದು ಯೋಜನೆಯನ್ನು ಹಮ್ಮಿಕೊಂಡಿತು. ಅದರ ಹೆಸರು ಪ್ರಾದೇಶಿಕ ಪರಿಣತಿ ಕೇಂದ್ರಗಳು. ಹೆಸರು ಕೇಳಿ ದೊಡ್ಡ ಕಟ್ಟಡವನ್ನು ಊಹಿಸಬೇಕಿಲ್ಲ. ಒಂದು ಪ್ರದೇಶದ ಕಾಲೇಜು, ಶಾಲೆ, ಪುರಸಭೆ, ಸಂಘಸಂಸ್ಥೆ, ರೈತ, ಕಸುಬುದಾರ ಇವರೆಲ್ಲ ತಮ್ಮ ನೆಲದ ಪ್ರಶ್ನೆಗಳ ಸುತ್ತ ಒಟ್ಟಾಗುವುದೇ ಆ ಕೇಂದ್ರ. ಜಗತ್ತಿನಲ್ಲಿ ಇಂಥವು ನೂರಕ್ಕೂ ಹೆಚ್ಚು ಹುಟ್ಟಿದವು. ಭಾರತದಲ್ಲಿ ಆ ಪಟ್ಟಿ ಸೇರಿದ ಜಾಗಗಳಲ್ಲಿ ನಮ್ಮ ಕೊಡಗೂ ಒಂದು. 'ಸುಸ್ಥಿರ ಅಭಿವೃದ್ಧಿ' ಎಂಬ ಭಾರವಾದ ಮಾತಿಗೆ ನಮ್ಮ ಹಿರಿಯರ ಭಾಷೆಯಲ್ಲಿ ಅರ್ಥ ಹೇಳುವುದಾದರೆ, ಬಿತ್ತನೆಗೆ ಇಟ್ಟ ಕಾಳನ್ನು ಉಣ್ಣದೆ ಬದುಕುವುದು.

ಇಂಥ ಜಾಲ ಏಕೆ ಬೇಕು ಎಂಬುದನ್ನು ನಮ್ಮ ಬೆಂಗಳೂರಿನ ಕಥೆಯೇ ಹೇಳುತ್ತದೆ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ರಾಜಕಾಲುವೆಗಳಿಂದ ಪೋಣಿಸಿದ ಕೆರೆಗಳ ಊರದು. ತೂಬು ಎತ್ತುವ, ನೀರು ಹಂಚುವ ಕೆಲಸ ನೀರುಗಂಟಿಯದು. ಆತನಿಗೆ ಕೆರೆಯ ನಾಡಿ ತಿಳಿದಿತ್ತು. ಊರು ಬೆಳೆಯಿತು, ವಿಜ್ಞಾನದ ಸಂಸ್ಥೆಗಳೂ ಬೆಳೆದವು, ಆದರೆ ನೀರುಗಂಟಿಯ ವಿದ್ಯೆ ಯಾವ ಕಾಲೇಜಿನ ಪಾಠವೂ ಆಗದೆ ಅವನೊಂದಿಗೇ ಹೋಯಿತು. ಕೆರೆಗಳಿಗೆ ಕೊಳಚೆ ತುಂಬಿತು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು, 2017ರಲ್ಲಿ ಆ ಕೆರೆಯಲ್ಲಿ ಬೆಂಕಿ ಎದ್ದಿತು. ನೀರಿಗೆ ಬೆಂಕಿ ಬಿದ್ದರೆ ಆರಿಸುವುದು ಯಾವುದರಿಂದ? ಅದೇ ಮನುಷ್ಯರ ಕೊಳಚೆ ಇಲ್ಲಿ ಮೀನೂ ಸೊಪ್ಪೂ ಆಗುತ್ತದೆ, ಅಲ್ಲಿ ನೊರೆಯೂ ಬೆಂಕಿಯೂ ಆಯಿತು. ಎರಡೂ ಊರುಗಳ ನೆಲ, ನೀರು ಬೇರೆ ಬೇರೆ, ನಿಜ. ಆದರೂ ಇಲ್ಲಿ ಕೊಳಚೆಯ ಹದ ಬಲ್ಲವನು ಇನ್ನೂ ಕೊಳದ ದಂಡೆಯ ಮೇಲಿದ್ದಾನೆ ಎಂಬ ಭೇದ ಸಣ್ಣದಲ್ಲ.

ಹಾಗೆಂದು ಭೇರಿಯವನಿಗೇ ಎಲ್ಲ ತಿಳಿದಿದೆ, ಕಾಲೇಜು ಬೇಡ ಎನ್ನುವುದೂ ತಪ್ಪು. ನೀರಿನ ಬಣ್ಣ ನೋಡಿ ಆಮ್ಲಜನಕ ಊಹಿಸಬಹುದು; ಕಾರ್ಖಾನೆಯಿಂದ ಬೆರೆತ ಕ್ರೋಮಿಯಂ, ಸೀಸ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಪ್ರಯೋಗಶಾಲೆ ಬೇಕು. ಈ ರಾಜ್ಯದ ಕೊಳವೆಬಾವಿಗಳ ನೀರಿನಲ್ಲಿರುವ ಆರ್ಸೆನಿಕ್ ವಿಷವನ್ನು ಕುಡಿದವರು ಹಳ್ಳಿಯವರು. ಅದನ್ನು ಅಳೆದು ತೋರಿಸುವುದರಲ್ಲಿ ಜಾದವಪುರ ವಿಶ್ವವಿದ್ಯಾಲಯದ ವಿಜ್ಞಾನಿಗಳ ಶ್ರಮ ದೊಡ್ಡದು. ವಿದ್ಯೆ ಎರಡು ಹೋಳಾಗಿ ಎರಡು ಕಡೆ ಬಿದ್ದಿದೆ. ಕೂಡಿಸುವುದಕ್ಕೆ ಸುತ್ತೋಲೆಗಿಂತ ಮೊದಲು ಬೇಕಾದದ್ದು ವಿನಯ: ಪದವಿ ಪಡೆದವನು, ಪದವಿ ಇಲ್ಲದವನಿಂದ ಕಲಿಯಲು ಒಪ್ಪುವುದು. ನಮ್ಮ ಮಟ್ಟಿಗೆ ಪ್ರಾದೇಶಿಕ ಜಾಲದ ಪ್ರಶ್ನೆ ಆಡಳಿತದ ಪ್ರಶ್ನೆಯಾಗುವ ಮುಂಚೆ ನೀತಿಯ ಪ್ರಶ್ನೆ.

ಇದಕ್ಕೆ ನಮ್ಮಲ್ಲೇ ಒಂದು ಆಕ್ಷೇಪ ಏಳುತ್ತದೆ. "ನಾವು ಬಂದವರು, ಇವತ್ತು ಇಲ್ಲಿ, ನಾಳೆ ವರ್ಗವಾದರೆ ಇನ್ನೆಲ್ಲೋ. ಮಕ್ಕಳು ಎಲ್ಲಿ ಹೋದರೂ ಸಲ್ಲುವ ವಿದ್ಯೆ ಕಲಿಯಲಿ. ಈ ಊರಿನ ಕಾಲುವೆಯ ಪಾಠ ಅವರಿಗೇಕೆ?" ಈ ಮಾತನ್ನು ತಳ್ಳಿಹಾಕುವಂತಿಲ್ಲ. ನಾವೂ ಹೀಗೆಯೇ ಯೋಚಿಸಿ ಮಕ್ಕಳನ್ನು ಓದಿಸಿದ್ದೇವೆ. ಆದರೆ ಒಂದು ಊರಿನ ನೀರನ್ನೂ ಸರಿಯಾಗಿ ಅರಿಯದವನು ಎಲ್ಲಿಗೆ ಹೋದರೂ ಅರಿಯದವನೇ ಆಗಿರುತ್ತಾನೆ. ಒಂದು ನೆಲವನ್ನು ಓದಲು ಕಲಿತವನಿಗೆ ಇನ್ನೊಂದು ನೆಲದ ಅಕ್ಷರವೂ ಬೇಗ ತಿಳಿಯುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದೆಂದು ನಮ್ಮ ಗಾದೆ ಹೇಳುವಾಗ, ಆ ಮನೆಯಲ್ಲಿ ಎಷ್ಟು ವರ್ಷ ಇದ್ದೆ ಎಂದು ಅದು ಕೇಳುವುದಿಲ್ಲ.

ಎರಡು ಬಗೆಯುವುದಕ್ಕೆ ಕೆಟ್ಟವರೇ ಆಗಬೇಕಿಲ್ಲ, ತಿಳಿಯದವರಾದರೆ ಸಾಕು. ಸಾಲ್ಟ್ ಲೇಕ್ ಬಡಾವಣೆ 1960ರ ದಶಕದಲ್ಲಿ ಇಂಥ ಜೌಗು ನೆಲವನ್ನೇ ಹೂಗ್ಲಿಯ ಹೂಳಿನಿಂದ ತುಂಬಿ ಎಬ್ಬಿಸಿದ್ದು. ಕಾಯಿದೆಯ ಕಣ್ಣು ತಪ್ಪಿಸಿ ಕೊಳ ತುಂಬುವುದು ಅನಂತರವೂ ನಿಂತಿಲ್ಲ. ನಿವೃತ್ತಿಯ ಹಣದಲ್ಲಿ ಊರ ಪೂರ್ವಕ್ಕೆ ಒಂದು ಫ್ಲ್ಯಾಟು ಕೊಳ್ಳಲು ಹೊರಟಾಗ ನಾವು ಬೆಲೆ ಕೇಳಿದೆವು, ಗಾಳಿ ಬೆಳಕು ನೋಡಿದೆವು, ದೇವರ ಕೋಣೆ ಯಾವ ದಿಕ್ಕಿಗಿದೆಯೆಂದೂ ವಿಚಾರಿಸಿದೆವು. ಈ ನೆಲ ಮೊದಲು ಏನಾಗಿತ್ತು ಎಂದು ಮಾತ್ರ ಕೇಳಲಿಲ್ಲ. ಕೇಳಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಮಕ್ಕಳಾದರೂ ಕೇಳುವಂತಾದರೆ ಕಾಲೇಜಿನ ಆ ಆರು ತಿಂಗಳು ಸಾರ್ಥಕ.

ನಮ್ಮ ಸಂಘದಂಥ ಚಿಕ್ಕ ಸಂಸ್ಥೆಗೂ ಇದರಲ್ಲಿ ಪಾತ್ರವಿದೆ. ಚಳಿಗಾಲದ ವನಭೋಜನಕ್ಕೆ ಪ್ರತಿವರ್ಷವೂ ಯಾವುದಾದರೂ ತೋಟಕ್ಕೆ ಹೋಗುತ್ತೇವೆ. ಒಂದು ವರ್ಷ ಭೇರಿಯ ದಂಡೆಗೆ ಹೋಗಬಹುದು. ಬಂಗಾಳಿ ಬಲ್ಲ ನಮ್ಮ ಹುಡುಗರು ಅಲ್ಲಿಯವರ ಮಾತನ್ನು ಕೇಳಿ ಕನ್ನಡದಲ್ಲಿ ಬರೆಯಲಿ, ಈ ಪತ್ರಿಕೆಯಲ್ಲೇ ಅಚ್ಚಾಗಲಿ, ಅದರ ಪ್ರತಿಯೊಂದು ಅವರವರ ಕಾಲೇಜಿನ ಅಧ್ಯಾಪಕರಿಗೂ ತಲುಪಲಿ. ಜಾಲವೆಂದರೆ ಇಂಥ ಎಳೆಗಳು ಕೂಡಿ ಆದದ್ದೇ ತಾನೆ?

ಅಜ್ಜಿ ಊರಿಗೆ ಹಿಂತಿರುಗಿದ್ದಾರೆ. ಮೊಮ್ಮಗ ಫೋನಿನಲ್ಲಿ ಅವರಿಗೆ ಉತ್ತರ ಹೇಳಿದನಂತೆ: ನೀರು ಪೂರ್ವಕ್ಕೆ ಹೋಗಿ ಮೀನಾಗುತ್ತದೆ, ಸೊಪ್ಪಾಗುತ್ತದೆ ಎಂದು. "ಹಾಗಾದರೆ ನೀವು ಬಚ್ಚಲಿಗೆ ಏನು ಸುರಿಯುತ್ತೀರಿ ಅಂತ ನೋಡಿಕೊಂಡು ಸುರಿಯಿರಿ" ಎಂದರಂತೆ ಅಜ್ಜಿ. ಪರಿಸರದ ಎರಡನೆಯ ಪಾಠ ಅಲ್ಲಿಂದ ಶುರುವಾಗುತ್ತದೆ.