ಮೊಳೆಗೆ ತೂಗುವ ಚಾವಿ

ಜೂನ್ ಎರಡನೆಯ ವಾರ ಕಳೆಯಿತೆಂದರೆ ನಮ್ಮ ಮನ್ಮನೆಯ ಕಡೆ ಒಂದು ಸಣ್ಣ ವಲಸೆ ನಡೆಯುತ್ತದೆ. ಬೇಸಿಗೆಯುದ್ದಕ್ಕೂ ಅಂಗಳದಲ್ಲೋ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲೋ ನಿಲ್ಲುತ್ತಿದ್ದ ಕಾರುಗಳು ಒಂದೊಂದಾಗಿ ಮೇಲಿನ ಡಾಂಬರು ರಸ್ತೆಯಂಚಿಗೆ ಹೋಗಿ ನಿಲ್ಲುತ್ತವೆ. ನಮ್ಮ ಮನೆಗಳಿರುವುದು ತೋಟದ ಕಣಿವೆಯಲ್ಲಿ. ಇಳಿದು ಬರುವ ಮಣ್ಣಿನ ದಾರಿ ಮೊದಲ ಜೋರುಮಳೆಗೇ ರಾಡಿಯಾಗುತ್ತದೆ. ಇಳಿದ ಗಾಡಿ ಮತ್ತೆ ಹತ್ತೀತೆಂಬ ಭರವಸೆ ಇರುವುದಿಲ್ಲ. ಸಿದ್ದಾಪುರ, ಶಿರಸಿ, ಯಲ್ಲಾಪುರದ ಒಳಊರುಗಳಲ್ಲಿ ಎಲ್ಲಿ ಹೋದರೂ ಮಳೆಗಾಲದಲ್ಲಿ ಈ ನೋಟ ಉಂಟು. ತಾಡಪಾಲು ಹೊದ್ದ ಹಳೆಯ ಓಮ್ನಿ, ಅದರ ಹಿಂದೊಂದು ಮಾರುತಿ 800, ಆಚೆಯ ತಿರುವಿನಲ್ಲಿ ಇಳಿಜಾರಿಗೆ ಮುಖ ಮಾಡಿ ನಿಂತ ಜೀಪು. ಮನೆಯಿಂದ ನೋಡಿದರೆ ಕಾಣದು. ಹಂಚಿನ ಮೇಲೆ ಮಳೆ ಸುರಿಯುವಾಗ ಜಗುಲಿಯಲ್ಲಿ ಕೂತವರ ಮಾತೇ ಒಳಗಿನವರಿಗೆ ಕೇಳುವುದಿಲ್ಲ; ಇನ್ನು ಮೇಲಿನ ರಸ್ತೆಯ ಸದ್ದು ಕೇಳುವುದೆಲ್ಲಿ?

ಆ ಗಾಡಿಗಳ ಚಾವಿ ಎಲ್ಲಿರುತ್ತದೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಜಗುಲಿಯ ಕಂಬದ ಮೊಳೆಗೆ. ಕೆಲವರದು ಅಲ್ಲಿಯೂ ಇಲ್ಲ, ಗಾಡಿಯಲ್ಲೇ. ಮದುವೆ, ಉಪನಯನ, ತಿಥಿಯೂಟದ ಮನೆಗಳಲ್ಲಂತೂ ಚಾವಿಯನ್ನು ಗಾಡಿಯಲ್ಲಿ ಬಿಡುವುದೇ ಮರ್ಯಾದೆ. ಇಕ್ಕಟ್ಟಿನ ಅಂಗಳದಲ್ಲಿ ಹಿಂದಿನವರು ಬೇಗ ಹೊರಡಬೇಕಾದರೆ ಯಾರಾದರೂ ಸರಿಸಿಕೊಳ್ಳಲಿ, ಉಣ್ಣಲು ಕೂತವರನ್ನು ಎಬ್ಬಿಸುವುದು ಬೇಡ ಎಂಬ ಔದಾರ್ಯ ಅದು. ಈ ರೂಢಿಯನ್ನು ನಾನು ಹಗುರವಾಗಿ ಕಾಣಲಾರೆ. ಚಾವಿ ಬಿಟ್ಟು ಊಟಕ್ಕೆ ಕೂರಬಹುದಾದ ಊರು ಸಣ್ಣ ಸಂಪತ್ತಲ್ಲ. ಆದರೆ ಆ ವಿಶ್ವಾಸ ಅಂಗಳದೊಳಗಿನ ಪರಿಚಿತರಿಗೆ ಸಲ್ಲುವಂಥದ್ದು. ರಾಜ್ಯ ಹೆದ್ದಾರಿಗೆ ಕೂಡುವ ರಸ್ತೆಯಂಚಿನಲ್ಲಿ, ಅಪರಾತ್ರಿ ಹಾದು ಹೋಗುವ ಅಪರಿಚಿತನಿಗೂ ಅದನ್ನೇ ಕೊಟ್ಟರೆ ಅದು ವಿಶ್ವಾಸವಾಗದು, ಮರೆವಾಗುತ್ತದೆ.

'ಈ ಹಳೇ ಡಬ್ಬಿಯನ್ನು ಯಾರು ಕದೀತಾರೆ' ಎನ್ನುವವರೂ ಇದ್ದಾರೆ. ನನ್ನ ಮನಸ್ಸಿನಲ್ಲೂ ಇದ್ದದ್ದು ಅದೇ. ಒಮ್ಮೆ ಶಿರಸಿಯ ಗ್ಯಾರೇಜಿಗೆ ನಮ್ಮ 800 ಕಾರನ್ನು ಒಯ್ದಿದ್ದೆ. ಮೆಕ್ಯಾನಿಕ್ ಹುಡುಗ ಗೋಡೆಯ ಹಲಗೆಯಿಂದ ಚಾವಿ ತೆಗೆದು, ಕೂತು, ಸ್ಟಾರ್ಟ್ ಮಾಡಿ, ಇಳಿದು ಬಂದು ಆ ಚಾವಿಯನ್ನು ನನ್ನ ಅಂಗೈಯಲ್ಲಿಟ್ಟ. "ಹೆಗಡೇರೇ, ಇದು ನಿಮ್ಮ ಚಾವಿ ಅಲ್ಲ. ಬೇರೆಯವರ 800ದು. ಆದ್ರೂ ಸ್ಟಾರ್ಟ್ ಆತು ನೋಡಿ" ಎಂದ. ಬೀಗದೊಳಗೆ ಸಾಲಾಗಿ ತೆಳು ಲೋಹದ ಬಿಲ್ಲೆಗಳಿರುತ್ತವೆ. ಚಾವಿಯ ಹಲ್ಲು ಒಂದೊಂದು ಬಿಲ್ಲೆಯನ್ನೂ ಅದರದರ ಎತ್ತರಕ್ಕೆ ಸರಿಸಿದಾಗ ಮಾತ್ರ ಬೀಗ ತಿರುಗಬೇಕು. ಇಪ್ಪತ್ತು, ಇಪ್ಪತ್ತೈದು ವರ್ಷ ದಿನವೂ ತಿಕ್ಕಾಡಿ ಬಿಲ್ಲೆಗಳೂ ಸವೆಯುತ್ತವೆ, ಹಲ್ಲೂ ಸವೆಯುತ್ತದೆ. ಕೊನೆಗೆ ಹೆಚ್ಚುಕಡಿಮೆ ಹೊಂದುವ ಯಾವ ಚಾವಿಗೂ ಬೀಗ ಒಪ್ಪಿಬಿಡುತ್ತದೆ. ಮೊದಲ ಮಾರುತಿ 800 ಕಾರಿನ ಚಾವಿಯನ್ನು ಪ್ರಧಾನಿ ಇಂದಿರಾ ಗಾಂಧಿಯವರು 1983ರ ಡಿಸೆಂಬರ್ 14ರಂದು ಅದರ ಒಡೆಯರ ಕೈಗೆ ಕೊಟ್ಟಿದ್ದರು. ಮಧ್ಯಮವರ್ಗದ ಮನೆಗೆ ಕಾರು ಬಂದ ಕಾಲ ಅದು. 2014ರಲ್ಲಿ ಆ ಕಾರಿನ ತಯಾರಿಕೆ ನಿಂತಿತು, 2019ರಲ್ಲಿ ಓಮ್ನಿಯದೂ ನಿಂತಿತು. ತಯಾರಿಕೆ ನಿಂತರೂ ಓಡುತ್ತಿರುವ ಗಾಡಿಗೆ ಬಿಡಿಭಾಗ ಬೇಕೇ ಬೇಕು. ಹಳೆಯದೆಂಬುದೇ ಕಳ್ಳನಿಗೆ ಅನುಕೂಲವಾಗುವುದು ಹೀಗೆ: ತೆಗೆಯಲು ಸುಲಭ, ಬಿಚ್ಚಿ ಮಾರಲು ಸುಲಭ, ಇನ್ನೆಲ್ಲೋ ಒಂದು ದುಷ್ಕೃತ್ಯಕ್ಕೆ ಬಳಸಿ ಕಾಡಿನಂಚಿಗೆ ಬಿಟ್ಟುಹೋಗಲೂ ಸುಲಭ.

ಹೊಸ ಕಾರುಗಳ ಚಾವಿಯ ತಲೆಯಲ್ಲಿ ಒಂದು ಚಿಪ್ ಇರುತ್ತದೆ. ಅದರ ಗುರುತು ಹತ್ತದಿದ್ದರೆ ಎಂಜಿನ್ ಚಾಲೂ ಆಗದು. ಇಮ್ಮೊಬಿಲೈಸರ್ ಎನ್ನುವುದು ಇದಕ್ಕೇ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಅಮೆರಿಕದಲ್ಲಿ ಹಾಗೆ ಕಡ್ಡಾಯವಿರಲಿಲ್ಲವಾಗಿ ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಅಲ್ಲಿ ಮಾರಿದ ಲಕ್ಷಾಂತರ ಕಾರುಗಳಲ್ಲಿ ಈ ಚಿಪ್ ಇರಲಿಲ್ಲ. ಅವುಗಳನ್ನು ಕದಿಯುವ ಬಗೆ 2021ರಿಂದೀಚೆಗೆ ಮೊಬೈಲ್ ವಿಡಿಯೋಗಳಲ್ಲಿ ಹಬ್ಬಿತು. ಹದಿಹರೆಯದ ಹುಡುಗರು ಊರೂರಲ್ಲಿ ಕಾರು ಎತ್ತಿಕೊಂಡು ಹೋಗಿ ಅಪಘಾತ ಮಾಡಿಕೊಂಡರು, ಜೀವಗಳೂ ಹೋದವು. ಆಗ ಕಂಪನಿಗಳು ಪೊಲೀಸ್ ಠಾಣೆಗಳ ಮೂಲಕ ಜನರಿಗೆ ಪುಕ್ಕಟೆಯಾಗಿ ಹಂಚಿದ್ದು ಏನನ್ನು ಗೊತ್ತೇ? ಸ್ಟೀರಿಂಗಿಗೆ ಅಡ್ಡ ಹಾಕುವ ಕಬ್ಬಿಣದ ಲಾಕನ್ನು. ಅಷ್ಟು ಮುಂದುವರಿದ ದೇಶವೂ ಕೊನೆಗೆ ಮರಳಿದ್ದು ಆ ಕಬ್ಬಿಣದ ಸರಳಿಗೇ.

ಅದರಲ್ಲಿ ನಮಗೊಂದು ಸಮಾಧಾನವಿದೆ. ನಮ್ಮ ಉಣಗೋಲನ್ನು ನೋಡಿ. ಎರಡು ಕಂಬ, ಅಡ್ಡಕ್ಕೆ ಮೂರು ಗಳು. ಯಾವ ದನವಾದರೂ ಬಲ ಹಾಕಿದರೆ ಅದು ತಡೆಯಾಗದು. ಆದರೂ ಬಹುಪಾಲು ದನಗಳು ಅಲ್ಲಿಂದ ತಿರುಗಿ ಹೋಗುತ್ತವೆ, ಏಕೆಂದರೆ ಪಕ್ಕದ ಬೇಣದಲ್ಲಿ ತಡೆಯಿಲ್ಲದ ಹುಲ್ಲಿದೆ. ಕಳ್ಳನಿಗೆ ಬೇಕಾದದ್ದು ಎರಡು, ಸಮಯ ಮತ್ತು ನಿಶ್ಶಬ್ದ. ಅವೆರಡನ್ನು ಕಸಿಯುವುದಷ್ಟೇ ನಮ್ಮ ಕೆಲಸ. ಹೊರಗಿನಿಂದ ಕಾಣುವ ಗೇರ್ ಲಾಕ್ ಅಥವಾ ಸ್ಟೀರಿಂಗ್ ಲಾಕ್ ಒಂದು. ಸವೆದ ಬೀಗಗಳ ಬದಲಿಗೆ ಹೊಸ ಲಾಕ್ ಸೆಟ್ ಇನ್ನೊಂದು. ಕಾರಿನೊಡನೆಯೇ ಬಂದ ಸ್ಟೀರಿಂಗ್ ಲಾಕನ್ನೂ ಅನೇಕರು ಬಳಸುವುದಿಲ್ಲ. ಚಾವಿ ತೆಗೆದ ಮೇಲೆ ಚಕ್ರವನ್ನು ಸ್ವಲ್ಪ ತಿರುಗಿಸಿ 'ಕಟ್' ಎಂಬ ಸದ್ದು ಕೇಳಿಸಿಕೊಂಡು ಇಳಿಯಬೇಕು. ಅದಕ್ಕೆ ಎರಡು ಸೆಕೆಂಡು ಸಾಕು.

ಮೂರನೆಯದು ಗುಪ್ತ ಸ್ವಿಚ್. ಅದರ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಕಾರ್ಬ್ಯುರೇಟರ್ ಇರುವ ಗಾಡಿಯಾದರೆ ಇಗ್ನಿಷನ್ ಕಾಯಿಲಿಗೆ ಹೋಗುವ ವಯರಿನಲ್ಲಿ, ಇಂಜೆಕ್ಷನ್ ಇರುವ ಎಂಪಿಎಫ್‌ಐ ಆದರೆ ಪೆಟ್ರೋಲ್ ಪಂಪಿಗೆ ಹೋಗುವ ವಯರಿನಲ್ಲಿ ಒಂದು ಸ್ವಿಚ್ ಕೂರಿಸಿ ಯಾರಿಗೂ ಕಾಣದ ಕಡೆ ಮುಚ್ಚಿಡುತ್ತಾರೆ. ಚೆನ್ನಾಗಿ ಮಾಡಿದರೆ ಅದರಷ್ಟು ಒಳ್ಳೆಯ ಕಾವಲು ಇಲ್ಲ. ಆದರೆ ಕೈಗೆ ಸಿಕ್ಕ ವಯರನ್ನು ತಿರುಚಿ ಟೇಪು ಸುತ್ತಿ ಮುಗಿಸಿದರೆ ನಮ್ಮ ಮಳೆಗಾಲದ ತೇವಕ್ಕೆ ಎರಡೇ ವರ್ಷದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ದೇವಿಮನೆ ಘಟ್ಟದಲ್ಲೋ ಅರಬೈಲು ಘಟ್ಟದಲ್ಲೋ ಹಿಂದೆ ಲಾರಿ ಇರುವಾಗ ಎಂಜಿನ್ ಒಮ್ಮೆಗೇ ನಿಂತರೆ ಕಳ್ಳನಿಗಿಂತ ದೊಡ್ಡ ಅಪಾಯ ಅದು. ಆದ್ದರಿಂದ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲಿ ಬೆಸುಗೆ ಹಾಕಿಸಿ, ಫ್ಯೂಸ್ ಸಮೇತ ಮಾಡಿಸುವುದು ಕ್ಷೇಮ. ಹಳೆಯ ಕಾಲದ ಡ್ರೈವರುಗಳು ಇದನ್ನೂ ಮಾಡುತ್ತಿರಲಿಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗಿನ ರೋಟರನ್ನು ಕಿಸೆಗೆ ಹಾಕಿಕೊಂಡು ಹೋಗುತ್ತಿದ್ದರು. ಅಡಿಕೆಗಿಂತ ಸ್ವಲ್ಪ ದೊಡ್ಡ ವಸ್ತು. ಅದಿಲ್ಲದೆ ಅಂಬಾಸಡರ್ ಕೆಮ್ಮುವುದೂ ಇಲ್ಲ. 1940ರಲ್ಲಿ ಜರ್ಮನ್ ಸೈನಿಕರು ಬಂದಿಳಿದಾರೆಂಬ ಭಯದಲ್ಲಿ ಬ್ರಿಟನ್ನಿನ ಸರ್ಕಾರವೂ ನಿಲ್ಲಿಸಿದ ಕಾರುಗಳನ್ನು ಹೀಗೆಯೇ ನಿಷ್ಕ್ರಿಯಗೊಳಿಸಬೇಕೆಂದು ಜನರಿಗೆ ಆಜ್ಞೆ ಮಾಡಿತ್ತು.

ಜೀಪಿನ ವಿಷಯ ಬೇರೆ. ಹಳೆಯ ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಬ್ಯಾಟರಿ ಕೈಕೊಟ್ಟಾಗ ಅನುಕೂಲವಾಗಲೆಂದು ನಾವು ಜೀಪನ್ನು ಉತಾರಿನಲ್ಲಿ ನಿಲ್ಲಿಸುತ್ತೇವಲ್ಲ, ಅದು ನಮಗೆಷ್ಟು ಅನುಕೂಲವೋ ಕಳ್ಳನಿಗೂ ಅಷ್ಟೇ ಅನುಕೂಲ. ನ್ಯೂಟ್ರಲ್ ಮಾಡಿ ಕೈಬ್ರೇಕ್ ಬಿಟ್ಟರೆ ಸದ್ದಿಲ್ಲದೆ ನೂರು ಮೀಟರು ಜಾರಿ ಹೋಗುತ್ತದೆ, ಅಲ್ಲಿ ಗೇರಿಗೆ ಹಾಕಿದರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯ ವಯರು ತಪ್ಪಿಸಿ ಬಂದೆವೆಂದು ನಿಶ್ಚಿಂತರಾಗುವಂತಿಲ್ಲ. ಸ್ಟೀರಿಂಗಿಗೂ ಕ್ಲಚ್ ಪೆಡಲಿಗೂ ಸೇರಿಸಿ ದಪ್ಪ ಸರಪಳಿ ಹಾಕಿ ಬೀಗ ಜಡಿಯಬೇಕು, ಮುಂಗಾಲಿಗಳನ್ನು ದರೆಯ ಕಡೆ ತಿರುಗಿಸಿ ನಿಲ್ಲಿಸಬೇಕು. ಜಿಪಿಎಸ್ ಹಾಕಿಸಿದ್ದೇವೆ ಎನ್ನುವವರಿಗೂ ಒಂದು ಮಾತು. ಫೋನಿನಲ್ಲಿ ಮಾತಾಡಲು ಗುಡ್ಡ ಹತ್ತಬೇಕಾದ ಊರಿನಲ್ಲಿ ಆ ಉಪಕರಣಕ್ಕೂ ನೆಟ್‌ವರ್ಕ್ ಸಿಗದು. ಗಾಡಿ ಸಿಗ್ನಲ್ ಇರುವ ಕಡೆಗೆ ಹೋದ ಮೇಲೆಯೇ ಅದು ಸುಳಿವು ಕೊಡುವುದು. ವಾರಗಟ್ಟಲೆ ನಿಂತ ಗಾಡಿಯಲ್ಲಿ ಅದು ಬ್ಯಾಟರಿಯನ್ನೂ ಸ್ವಲ್ಪ ಸ್ವಲ್ಪ ಕುಡಿಯುತ್ತದೆ.

'ಯೋಗಕ್ಷೇಮ' ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ, ಜೀವವಿಮಾ ನಿಗಮದ ಲಾಂಛನದಲ್ಲೂ ಅದಿದೆ. ಗೀತೆಯ ಭಾಷ್ಯಕಾರರು ಅದನ್ನು ಎರಡಾಗಿ ಬಿಡಿಸುತ್ತಾರೆ. ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ನಾವು ಗೃಹಸ್ಥರು ಯೋಗಕ್ಕೆ ಪಡುವ ಶ್ರಮ ದೊಡ್ಡದು. ನಾಲ್ಕು ವರ್ಷದ ಅಡಿಕೆ ಮಾರಿದ ದುಡ್ಡಿನಲ್ಲಿ ಉಳಿಸಿ, ಹತ್ತು ಜನರನ್ನು ಕೇಳಿ, ಒಂದು ಸೆಕೆಂಡ್ ಹ್ಯಾಂಡ್ ಕಾರು ತರುತ್ತೇವೆ. ನಿಂಬೆಹಣ್ಣು ಇಟ್ಟು ಪೂಜೆಯನ್ನೂ ಮಾಡುತ್ತೇವೆ. ಕ್ಷೇಮದ ಪಾಲಿಗೆ ಮಾತ್ರ ಒಂದು ಮೊಳೆ.

ವಿಮೆಯ ಕಾಗದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹಳೆಯ ಕಾರಿಗೆ ನಮ್ಮಲ್ಲಿ ಹೆಚ್ಚಿನವರು ಮಾಡಿಸುವುದು ಕಾನೂನಿಗೆ ಬೇಕಾದ ಥರ್ಡ್ ಪಾರ್ಟಿ ವಿಮೆ ಮಾತ್ರ. ಕಳ್ಳತನವಾದರೆ ಅದರಿಂದ ಒಂದು ರೂಪಾಯಿಯೂ ಬಾರದು. ಪೂರ್ಣ ವಿಮೆ ಇದ್ದರೂ ಐದು ವರ್ಷ ದಾಟಿದ ಗಾಡಿಯ ಬೆಲೆ ಕಂಪನಿಗೂ ನಮಗೂ ಒಪ್ಪಿದಷ್ಟು. ಕಳೆದಾಗ ಎರಡೂ ಚಾವಿಗಳನ್ನು ತಂದೊಪ್ಪಿಸಿ ಎನ್ನುತ್ತಾರೆ, ಚಾವಿ ಗಾಡಿಯಲ್ಲೇ ಇತ್ತೆಂದರೆ ನಿಮ್ಮ ಅಜಾಗ್ರತೆ ಎನ್ನುತ್ತಾರೆ. ಕಾಗದದ ಮೇಲೆ ಆ ಓಮ್ನಿಯ ಬೆಲೆ ಮೂವತ್ತು, ನಲವತ್ತು ಸಾವಿರ ಇದ್ದೀತು. ಆದರೆ ರಾತ್ರಿ ಎರಡು ಗಂಟೆಗೆ ಅಪ್ಪಯ್ಯನಿಗೆ ಎದೆನೋವು ಬಂದಾಗ ಶಿರಸಿಗೋ ಸಾಗರಕ್ಕೋ ಒಯ್ಯುವುದು ಅದೇ ಗಾಡಿ. ಪಕ್ಕದ ಮನೆಯ ಹೆರಿಗೆಗೆ ಹೋಗುವುದೂ ಅದೇ. ಹಳೆಯ ಕಾರಿಗೆ ಬೀಗ ಹಾಕಿಸುವಾಗ ಲೆಕ್ಕ ಹಿಡಿಯಬೇಕಾದದ್ದು ಈ ಬೆಲೆಯನ್ನು ಎಂದು ನನಗನಿಸುತ್ತದೆ.

ಕಾಗದಪತ್ರದ ಕೆಲಸ ಒಂದು ಸಂಜೆಯದು. ಆರ್‌ಸಿಯನ್ನು ಡ್ಯಾಶ್‌ಬೋರ್ಡಿನಲ್ಲಿಟ್ಟರೆ ಕಳ್ಳನಿಗೆ ಗಾಡಿಯೊಡನೆ ದಾಖಲೆಯನ್ನೂ ಕೊಟ್ಟಂತೆ. ಡಿಜಿಲಾಕರಿನಲ್ಲಿರುವ ಪ್ರತಿಯೂ ಈಗ ಕಾನೂನಿಗೆ ಒಪ್ಪಿಗೆ, ಮೂಲಪ್ರತಿ ಮನೆಯಲ್ಲಿರಲಿ. ಆರ್‌ಟಿಒ ಕಚೇರಿಗೆ ಹೋದಾಗ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರಲ್ಲ, ಅದರದೊಂದು ಪ್ರತಿಯನ್ನು, ಗಾಡಿಯ ನಾಲ್ಕು ಬದಿಯ ಫೋಟೋವನ್ನು, ಬಾಗಿಲಿನ ಹಳೆಯ ತಗ್ಗು ಗೀರುಗಳ ಫೋಟೋವನ್ನು ಇಟ್ಟುಕೊಳ್ಳಿ. 2019ರ ಏಪ್ರಿಲ್‌ಗಿಂತ ಮೊದಲಿನ ವಾಹನಗಳಿಗೂ ಎಚ್‌ಎಸ್‌ಆರ್‌ಪಿ ಎಂಬ ಸುರಕ್ಷಿತ ನಂಬರ್ ಫಲಕ ಹಾಕಿಸಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ಆದೇಶಿಸಿದಾಗ ಅನೇಕರು ಗೊಣಗಿದೆವು. ಆ ಫಲಕದಲ್ಲಿ ಲೇಸರಿನಿಂದ ಕೊರೆದ ಬೇರೆಯದೇ ಒಂದು ಸಂಖ್ಯೆ ಇರುತ್ತದೆ. ಅದನ್ನು ಕೂರಿಸುವ ಲಾಕನ್ನು ಒಮ್ಮೆ ಮುರಿದರೆ ಮತ್ತೆ ಬಳಸಲಾಗದು. ನಮ್ಮ ಕೆಎ 31 ಗಾಡಿಯ ಫಲಕ ಕಿತ್ತು ಬೇರೆ ಸಂಖ್ಯೆ ಸಿಕ್ಕಿಸುವುದು ಅಷ್ಟರಮಟ್ಟಿಗೆ ಕಷ್ಟವಾಗಿದೆ. ಗಾಡಿ ಕಾಣದಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ಎಫ್‌ಐಆರ್ ಮಾಡಿಸಬೇಕು. ಯಾರೋ ನೆಂಟರು ಒಯ್ದಿರಬೇಕು, ನಾಳೆ ನೋಡೋಣ ಎಂದು ಕೂತರೆ ಅಷ್ಟರಲ್ಲಿ ಅದು ಘಟ್ಟ ಇಳಿದಿರುತ್ತದೆ ಅಥವಾ ಹುಬ್ಬಳ್ಳಿ ದಾಟಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಊರುಗಳ ದೊಡ್ಡ ಕಾವಲು ಕಬ್ಬಿಣದ್ದಲ್ಲ. ಸದ್ದಿನಿಂದಲೇ ಗಾಡಿಯ ಗುರುತು ಹಿಡಿಯುವ ಕಿವಿಗಳು ನಮ್ಮವು. ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿರುವ ಅತ್ತಿಗೆ ತಲೆ ಎತ್ತದೆ 'ಮೇಲಿನಮನೆ ಜೀಪು ಪ್ಯಾಟಿಗೆ ಹೋತು' ಎನ್ನುತ್ತಾಳೆ. ಶಿರಸಿಯ ಜಾತ್ರೆಯಲ್ಲಿ ಸಾವಿರ ಕಾರುಗಳ ನಡುವೆ ನಿಲ್ಲಿಸಿ ಬಂದಾಗ ಈ ಕಾವಲು ಇರುವುದಿಲ್ಲ, ಅಲ್ಲಿ ಬೀಗವನ್ನೇ ನಂಬಬೇಕು. ಇಲ್ಲಿ ಎರಡೂ ಇರಬಹುದು. ಇಂದು ಸಂಜೆ ಮೊಳೆಯಿಂದ ಚಾವಿ ತೆಗೆದು ಒಳಗಿನ ಕಪಾಟಿನಲ್ಲಿಡಿ; ರಾತ್ರಿ ತುರ್ತಿಗೆ ಬೇಕಾದೀತು, ಎಲ್ಲಿದೆಯೆಂದು ಮನೆಯವರೆಲ್ಲರಿಗೂ ತಿಳಿಸಿಡಿ. ಮಳೆ ಬಿಡುವು ಕೊಟ್ಟ ಒಂದು ರಾತ್ರಿ, ಹೊತ್ತಲ್ಲದ ಹೊತ್ತಿನಲ್ಲಿ ಪಕ್ಕದ ಮನೆಯವರ ಓಮ್ನಿಯ ಸದ್ದು ಮೇಲಿನ ರಸ್ತೆಯಲ್ಲಿ ಕೇಳಿಸಿದರೆ, ಮಗ್ಗುಲು ಬದಲಿಸಿ ಮಲಗಬೇಡಿ. ಎದ್ದು ಅವರಿಗೊಂದು ಫೋನ್ ಮಾಡಿ.