ಗಣೇಶ ಬ್ಯಾಂಕಿನ ಶನಿವಾರ

2006ರ ಜನವರಿ 7, ಶನಿವಾರ. ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನ ತುಂಬ ಕಬ್ಬು ಕಡಿಯುವ ಹಂಗಾಮು, ಸಂಕ್ರಾಂತಿಗೆ ಇನ್ನೊಂದೇ ವಾರ. ಆ ದಿನದ ವ್ಯವಹಾರ ಮುಗಿಯುತ್ತಿದ್ದಂತೆ ‘ಗಣೇಶ ಬ್ಯಾಂಕ್ ಆಫ್ ಕುರುಂದವಾಡ’ದ ಮೇಲೆ ಮೊರಟೋರಿಯಂ ಬಿತ್ತು. ರಿಸರ್ವ್ ಬ್ಯಾಂಕು ಕೇಳಿತ್ತು, ಕೇಂದ್ರ ಸರ್ಕಾರ ಆದೇಶ ಹೊರಡಿಸಿತ್ತು. ಠೇವಣಿ ಇಟ್ಟವರು ತಮ್ಮ ದುಡ್ಡನ್ನೇ ಬೇಕೆಂದಾಗ, ಬೇಕಾದಷ್ಟು ತೆಗೆಯುವಂತಿಲ್ಲ ಎಂಬುದು ಅದರ ಅರ್ಥ.

ಕೃಷ್ಣೆಗೆ ಪಂಚಗಂಗೆ ಬಂದು ಕೂಡುವ ನರಸೋಬವಾಡಿಯ ಮಗ್ಗುಲಲ್ಲೇ ಕುರುಂದವಾಡ. ಪಟವರ್ಧನರ ಸಂಸ್ಥಾನವಾಗಿದ್ದ ಊರು. ಸಂಗೀತದ ವಿಷ್ಣು ದಿಗಂಬರ ಪಲುಸ್ಕರ್ ಹುಟ್ಟಿದ್ದೂ ಇಲ್ಲೇ. ಕನ್ನಡದಲ್ಲಿ ಶುರುವಾದ ಮಾತು ಮರಾಠಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುವ ಸೀಮೆ. ಬ್ಯಾಂಕು 1920ರದು. ಊರಿನ ಹೆಸರು ಹೊತ್ತುಕೊಂಡೇ ನಡೆದು 32 ಶಾಖೆಗಳವರೆಗೆ ಬೆಳೆದಿತ್ತು. ಕಡೆಕಡೆಗೆ ಸುಸ್ತಿ ಸಾಲ ಏರಿ ಸ್ವಂತ ಬಂಡವಾಳವೇ ಕರಗಿಹೋಯಿತು. ಆರು ತಿಂಗಳ ಹಿಂದಷ್ಟೇ, 2005ರ ಮಳೆಗಾಲದಲ್ಲಿ, ಕೃಷ್ಣೆಯ ಮಹಾಪೂರ ಈ ಭಾಗದ ಹೊಲಮನೆಗಳಿಗೆ ನುಗ್ಗಿತ್ತು. ಅದರ ಬೆನ್ನಿಗೇ ಈ ಏಟು.

ನನ್ನ ಅಜ್ಜಿಯ ಹಳೆಯ ಪಾಸ್‌ಬುಕ್ಕೊಂದು ನನ್ನ ಬಳಿ ಇದೆ. ರಟ್ಟು ಕಿತ್ತುಹೋಗಿ ಯಾವ ಬ್ಯಾಂಕಿನದೆಂದೂ ತಿಳಿಯದು. ಒಳಗೆ ನೀಲಿ ಶಾಯಿಯಲ್ಲಿ ಇಪ್ಪತ್ತೈದು ರೂಪಾಯಿ, ನಲವತ್ತು ರೂಪಾಯಿ, ಹೈನದ ದುಡ್ಡು. ಒಂದೊಂದು ಜಮೆಯ ಮುಂದೆಯೂ ಹಸಿರು ಶಾಯಿಯ ಗಿಡ್ಡ ಸಹಿ. ಆ ಸಹಿ ಇದ್ದರೆ ದುಡ್ಡು ಇದೆ ಎಂದೇ ಅಜ್ಜಿ ನಂಬಿದ್ದಳು. ಸಹಿ ಹಾಕಿದವನ ಲೆಕ್ಕವನ್ನು ಯಾರೋ ನೋಡುತ್ತಾರೆ, ಅವರ ಲೆಕ್ಕವನ್ನು ಮುಂಬೈಯಲ್ಲಿ ಇನ್ಯಾರೋ ನೋಡುತ್ತಾರೆ ಎಂಬುದು ಆಕೆಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.

ಆ ‘ಇನ್ಯಾರೋ’ ಎಂಬವರ ಬದುಕಿನ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಕಡಿಮೆ. ಶ್ಯಾಮಲಾ ಗೋಪಿನಾಥ್ ಅವರನ್ನೇ ನೋಡಿ. ಮೈಸೂರು ವಿಶ್ವವಿದ್ಯಾಲಯದ ಎಂ.ಕಾಂ. ಪದವೀಧರೆ. ಎಳೆ ವಯಸ್ಸಿನಲ್ಲೇ ರಿಸರ್ವ್ ಬ್ಯಾಂಕ್ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, 2004ರಿಂದ 2011ರವರೆಗೆ ಡೆಪ್ಯುಟಿ ಗವರ್ನರ್ ಆಗಿದ್ದವರು. ನಡುವೆ 2001ರಿಂದ 2003ರವರೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಕೆಲಸ. ಠೇವಣಿಗೆ ತಡೆ ಬಿದ್ದರೆ ಏನಾಗುತ್ತದೆ ಎಂಬುದು ಜಗತ್ತಿಗೇ ಕಂಡ ಕಾಲ ಅದು. ಆ ಹೊತ್ತಿಗೇ ಅರ್ಜೆಂಟೀನಾದಲ್ಲಿ ಸರ್ಕಾರ ಬ್ಯಾಂಕುಗಳಿಗೆ ಬೀಗ ಜಡಿದಂತೆ ಮಾಡಿತ್ತು: ವಾರಕ್ಕೆ 250 ಪೆಸೊಗಿಂತ ಹೆಚ್ಚು ತೆಗೆಯುವಂತಿಲ್ಲ. ಜನ ಪಾತ್ರೆ ಬಡಿಯುತ್ತ ಬೀದಿಗಿಳಿದರು, ಸರ್ಕಾರವೇ ಉರುಳಿತು. ಮುಂದೆ 2011ರಲ್ಲಿ ಸಣ್ಣ ಉಳಿತಾಯದ ಬಗ್ಗೆ ವರದಿ ಕೊಟ್ಟ ಸಮಿತಿಗೆ ಶ್ಯಾಮಲಾ ಅವರೇ ಅಧ್ಯಕ್ಷೆ. ಕಿಸಾನ್ ವಿಕಾಸ ಪತ್ರ ನಿಲ್ಲಿಸಿ, ಅಂಚೆ ಉಳಿತಾಯದ ಬಡ್ಡಿಯನ್ನು ಮಾರುಕಟ್ಟೆಗೆ ಹೊಂದಿಸಿ ಎಂದಿತು ಆ ವರದಿ. ಒಂದು ಸಮಿತಿಯ ಮಾತು ಹೀಗೆ ಹಳ್ಳಿಯ ಅಂಚೆ ಕಚೇರಿಯ ಕಿಟಕಿಗೆ ಬಂದು ಮುಟ್ಟುತ್ತದೆ. ಕುರುಂದವಾಡದ ಆದೇಶವನ್ನು ಅವರ ಹೆಸರಿಗೆ ಕಟ್ಟುತ್ತಿಲ್ಲ. ಇಂಥ ಒಂದು ವೃತ್ತಿಯ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ.

ಈ ವೃತ್ತಿಯ ಅತಿ ಕಠಿಣ ಕೆಲಸ ಬಡ್ಡಿದರ ನಿಗದಿ ಮಾಡುವುದಲ್ಲ, ಇನ್ನೂ ತೆರೆದಿರುವ ಬ್ಯಾಂಕನ್ನು ತಡೆಯಬೇಕಾದ ದಿನ ಯಾವುದೆಂದು ಗುರುತಿಸುವುದು ಎಂದು ನನಗನಿಸುತ್ತದೆ. ಒಂದು ವಾರ ಮೊದಲೇ ತಡೆದರೆ ಬದುಕಬಹುದಾಗಿದ್ದ ಬ್ಯಾಂಕನ್ನು ಕೊಂದರು ಎಂಬ ಆರೋಪ. ಒಂದು ವಾರ ತಡವಾದರೆ ಸುದ್ದಿ ಮೊದಲು ತಿಳಿದವರು ದುಡ್ಡು ತೆಗೆದುಕೊಂಡು ಹೋಗಿರುತ್ತಾರೆ, ಹೈನದ ದುಡ್ಡು ಇಟ್ಟವಳು ಸಾಲಿನ ಕೊನೆಯಲ್ಲಿ ನಿಂತಿರುತ್ತಾಳೆ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿದಾಗ ಆ ಸಂಕಟವನ್ನು ದೇಶವೇ ನೋಡಿತು. ಎಚ್.ವಿ.ಆರ್. ಅಯ್ಯಂಗಾರ್ ಆಗ ಗವರ್ನರ್. ಅದೇ ವರ್ಷ ಕಾನೂನು ತಿದ್ದುಪಡಿಯಾಯಿತು. ಕುಸಿಯುವ ಬ್ಯಾಂಕನ್ನು ತಡೆದು, ಗಟ್ಟಿಯಾದ ಇನ್ನೊಂದು ಬ್ಯಾಂಕಿನ ಜೊತೆ ಸೇರಿಸುವ ದಾರಿ ತೆರೆಯಿತು. 1962ರ ಜನವರಿ 1ರಿಂದ ಠೇವಣಿಗೆ ವಿಮೆಯೂ ಬಂತು. ಶುರುವಿನಲ್ಲಿ 1,500 ರೂಪಾಯಿಗೆ, 2020ರಿಂದ 5 ಲಕ್ಷಕ್ಕೆ.

ಪಾಲಾಯಿಯ ಠೇವಣಿದಾರರು ಅತ್ತ ಕಣ್ಣೀರು ನಲವತ್ತಾರು ವರ್ಷಗಳ ನಂತರ ಕುರುಂದವಾಡದವರ ನೆರವಿಗೆ ಬಂತು. ಗಣೇಶ ಬ್ಯಾಂಕನ್ನು ಮಡಿಲಿಗೆ ಹಾಕಿಕೊಂಡದ್ದೂ ಕೇರಳದ್ದೇ ಬ್ಯಾಂಕು, ಆಲುವಾದ ಫೆಡರಲ್ ಬ್ಯಾಂಕು. ಸುಲಭಕ್ಕೇನೂ ಆಗಲಿಲ್ಲ. ಗಣೇಶ ಬ್ಯಾಂಕು ಮುಂಬೈ ಹೈಕೋರ್ಟಿಗೆ ಹೋಯಿತು, ವ್ಯಾಜ್ಯ ಸುಪ್ರೀಂ ಕೋರ್ಟು ಮುಟ್ಟಿತು, ವಿಲೀನ ಜಾರಿಗೆ ಬಂದದ್ದು ಸೆಪ್ಟೆಂಬರ್ 2ಕ್ಕೆ. ಅದೇ ದಿನ ಸಾತಾರದ ಯುನೈಟೆಡ್ ವೆಸ್ಟರ್ನ್ ಬ್ಯಾಂಕಿನ ಮೇಲೆ ಮೊರಟೋರಿಯಂ ಬಿತ್ತು. ಸುಮಾರು ಒಂದು ತಿಂಗಳಲ್ಲಿ ಅದು ಐಡಿಬಿಐ ಪಾಲಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಸಾಂಗ್ಲಿ ಬ್ಯಾಂಕು ಐಸಿಐಸಿಐ ಸೇರಿತು. ಕೃಷ್ಣೆಯ ದಂಡೆಗುಂಟ ಬೆಳೆದ ಮೂರು ಹೆಸರು ಎಂಟು ತಿಂಗಳೊಳಗೆ ಅಳಿಸಿಹೋದವು.

ಆ ಶನಿವಾರದ ಆದೇಶ ತಪ್ಪು ಎಂದು ನನಗೆ ಅನಿಸುವುದಿಲ್ಲ. ಠೇವಣಿ ಉಳಿಯಿತು, ಅದೇ ದೊಡ್ಡದು. ಆದರೂ ಸಾಲ ಕೇಳಲು ಬಂದವನ ಅಪ್ಪ ಯಾರು, ಹೊಲ ಯಾವ ದಂಡೆಯಲ್ಲಿದೆ, ಪೂರ ಬಂದರೆ ಎಷ್ಟು ಎಕರೆ ಮುಳುಗುತ್ತದೆ ಎಂದು ಬಾಯಲ್ಲೇ ಹೇಳಬಲ್ಲ ಮ್ಯಾನೇಜರುಗಳು ಊರಿನ ಹೆಸರಿನ ಬ್ಯಾಂಕುಗಳಲ್ಲಿ ಬೆಳೆಯುತ್ತಿದ್ದರು. ಆ ತಿಳಿವಳಿಕೆ ಯಾವ ವಿಲೀನ ಯೋಜನೆಯ ಆಸ್ತಿಪಟ್ಟಿಯಲ್ಲೂ ಸೇರುವುದಿಲ್ಲ. ಮೈಸೂರು, ಧಾರವಾಡ, ಕೊಲ್ಹಾಪುರಗಳಲ್ಲಿ ಇಂದು ಅರ್ಥಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ನಾಳೆ ರಿಸರ್ವ್ ಬ್ಯಾಂಕಿಗೆ, ವಾಷಿಂಗ್ಟನ್ನಿನ ಹಣಕಾಸು ನಿಧಿಗೆ ಹೋಗುತ್ತಾರೆ. ಹೋಗುವ ಮುನ್ನ ಅವರು ಕಬ್ಬಿನ ಹಂಗಾಮಿನಲ್ಲಿ ಒಂದು ದಿನ ಕುರುಂದವಾಡಕ್ಕೆ ಬರಲಿ ಎಂಬುದು ನನ್ನಾಸೆ. ಕಾರ್ಖಾನೆಯಿಂದ ಬಿಲ್ಲು ಖಾತೆಗೆ ಬಿದ್ದಿದೆಯೋ ಇಲ್ಲವೋ ಎಂದು ಪಾಸ್‌ಬುಕ್ಕು ಹಿಡಿದು ಬ್ಯಾಂಕಿನ ಕಟ್ಟೆಯ ಮೇಲೆ ಕೂತ ರೈತರು ಸಿಗುತ್ತಾರೆ. ಅವರ ಕೈಯಲ್ಲಿರುವ ರಟ್ಟಿನ ಮೇಲೆ ಬೇರೆ ಯಾವುದೋ ದೊಡ್ಡ ಹೆಸರು. ಊರಿನ ಹೆಸರು ಒಳಗಿನ ಪುಟದಲ್ಲಿ, ಶಾಖೆ ಎಂದು ಬರೆದ ಸಾಲಿನ ಮುಂದೆ, ಸಣ್ಣ ಅಕ್ಷರದಲ್ಲಿದೆ.