ಹೆಡರ್ ಅಳಿಸಿದರೆ ಸುಳ್ಳಾಡಿದಂತೆಯೇ?

ನಾವು ಕಳಿಸುವ ಇಮೇಲನ್ನು ಮೊದಲು ಕೈಗೆತ್ತಿಕೊಳ್ಳುವ ಸರ್ವರ್, ಪತ್ರದ ತಲೆಯ ಮೇಲೆ, ಅಂದರೆ ಹೆಡರ್ ಭಾಗದಲ್ಲಿ, ‘ರಿಸೀವ್ಡ್’ ಎಂದು ಶುರುವಾಗುವ ಸಾಲೊಂದನ್ನು ಸೇರಿಸುತ್ತದೆ. ನಮ್ಮ ಯಂತ್ರ ಹೇಳಿಕೊಂಡ ಹೆಸರು, ಅದರ ಐಪಿ ವಿಳಾಸ, ಪತ್ರ ಬಂದ ಗಳಿಗೆ, ಕೊನೆಗೆ +0530 ಎಂಬ ಕಾಲವಲಯ, ಇಷ್ಟೂ ಅದರಲ್ಲಿ ಇರಬಹುದು. ಇಂಥದೊಂದು ಸಾಲು ಇದೆಯೆಂದೇ ಬಹಳ ಮಂದಿಗೆ ಗೊತ್ತಿಲ್ಲ. ಗಂಡನ ಹೊಡೆತ ತಾಳಲಾರದೆ ಬೇರೆ ಊರು ಸೇರಿದ ಹೆಣ್ಣುಮಗಳು ಮಕ್ಕಳ ವಿಚಾರವಾಗಿ ಅವನಿಗೆ ಇಮೇಲ್ ಕಳಿಸಿದರೆ, ಅವಳು ಬರೆಯದ ಆ ಸಾಲೇ ಅವಳಿರುವ ಜಾಗದ ಸುಳಿವು ಕೊಡಬಲ್ಲದು. ಅದನ್ನು ತೆಗೆಯುವಂತೆ ಸರ್ವರನ್ನು ಹೊಂದಿಸುವುದು ದೊಡ್ಡ ಕೆಲಸವಲ್ಲ. ಆದರೆ ನಿಜವಾಗಿ ನಡೆದದ್ದರ ದಾಖಲೆಯನ್ನು ಅಳಿಸುವುದು ಧರ್ಮವೇ? ಧರ್ಮವೆಂದೇ ನಾನು ವಾದಿಸುತ್ತೇನೆ. ಅದಕ್ಕೊಂದು ಗಡಿಯೂ ಇದೆ.

ಎದುರು ವಾದ ಹಗುರವಾದದ್ದಲ್ಲ. ಇಮೇಲ್ ಸಾಗಾಟದ ನಿಯಮಗಳನ್ನು ಹೇಳುವ 2008ರ ಆರ್‌ಎಫ್‌ಸಿ 5321, ಹಿಂದೆ ಸೇರಿಸಿದ ರಿಸೀವ್ಡ್ ಸಾಲನ್ನು ಬದಲಿಸಲೂ ಅಳಿಸಲೂ ಕೂಡದೆಂದು ಖಂಡತುಂಡವಾಗಿ ಹೇಳುತ್ತದೆ. ಕಾರಣವೂ ಸರಿಯಾದದ್ದೇ. ಪತ್ರವೊಂದು ಎರಡು ಸರ್ವರ್‌ಗಳ ನಡುವೆ ಗಿರಕಿ ಹೊಡೆಯತೊಡಗಿದರೆ ಅದು ಗೊತ್ತಾಗುವುದು ಈ ಸಾಲುಗಳ ಎಣಿಕೆಯಿಂದ. ಪೋಸ್ಟ್‌ಫಿಕ್ಸ್ ಎಂಬ ಇಮೇಲ್ ಸರ್ವರ್ ತಂತ್ರಾಂಶ ತಾನಾಗಿ ಇಟ್ಟುಕೊಂಡಿರುವ ಮಿತಿ 50. ಹಾಗೆಂದು ಅದೇ ದಸ್ತಾವೇಜು, ಹೊರಗೆ ತಿಳಿಯಬಾರದ ಒಳಗಿನ ಯಂತ್ರಗಳ ಹೆಸರುಗಳು ಈ ಸಾಲುಗಳಿಂದ ಬಯಲಾಗಬಹುದು ಎಂದೂ ಒಪ್ಪಿಕೊಳ್ಳುತ್ತದೆ. ಇಲ್ಲಿ ಒಂದು ಭೇದ ಮಾಡಬೇಕು. ದಾರಿಯಲ್ಲಿ ಬೇರೆ ಸರ್ವರ್‌ಗಳು ಬರೆದ ಸಾಲುಗಳು ಅವುಗಳ ಸಾಕ್ಷ್ಯ. ಅವನ್ನು ಮುಟ್ಟುವ ಹಕ್ಕು ನಮಗಿಲ್ಲ. ನಮ್ಮನ್ನು ನಂಬಿ ಪತ್ರ ಒಪ್ಪಿಸಿದವರ ಬಗ್ಗೆ ನಮ್ಮದೇ ಸರ್ವರ್ ಬರೆದ ಮೊದಲ ಸಾಲು ಮಾತ್ರ ನಮ್ಮದು. ಅಕ್ಷರಶಃ ನೋಡಿದರೆ ಅದನ್ನು ತೆಗೆಯುವುದೂ ನಿಯಮಭಂಗವೇ. ಆದರೆ ಉಳಿದ ಸಾಲುಗಳು ಇರುವತನಕ ನಿಯಮದ ಉದ್ದೇಶಕ್ಕೆ ಧಕ್ಕೆಯಿಲ್ಲ.

ಸುಮ್ಮನಿರುವುದಕ್ಕೂ ಸುಳ್ಳು ನಂಬಿಸುವುದಕ್ಕೂ ನಡುವಿನ ಗಡಿಯನ್ನು ಮಹಾಭಾರತದ ಎರಡು ಪ್ರಸಂಗಗಳು ಬಹಳ ಹಿಂದೆಯೇ ಗುರುತಿಸಿವೆ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ತೊಟ್ಟ ಆ ತಪಸ್ವಿ, ಕಳ್ಳರಿಗೆ ಹೆದರಿ ಓಡಿದವರು ಯಾವ ಕಾಡು ಹೊಕ್ಕರೆಂದು ಕೇಳಿದ ಕಳ್ಳರಿಗೇ ಹೇಳಿಬಿಡುತ್ತಾನೆ. ಓಡಿದವರು ಸತ್ತರು, ಕೌಶಿಕ ನರಕಕ್ಕೆ ಹೋದ. ರಿಸೀವ್ಡ್ ಸಾಲು ಮಾಡುವುದು ಕೌಶಿಕನ ಕೆಲಸವನ್ನೇ: ಕೇಳುವವನು ಯಾರೆಂದು ನೋಡದೆ ಎಲ್ಲವನ್ನೂ ಒದರುತ್ತದೆ. ಇನ್ನೊಂದು ದ್ರೋಣಪರ್ವದ್ದು. ತನ್ನ ಮಗನೇ ಸತ್ತನೆಂದು ದ್ರೋಣ ನಂಬಲೆಂದು, ಸತ್ತದ್ದು ಆನೆ ಎಂಬುದನ್ನು ಧರ್ಮರಾಯ ಕೇಳಿಸದಂತೆ ಗೊಣಗಿದ. ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು. ಅದಕ್ಕೂ ಕೃಷ್ಣನ ಒತ್ತಾಸೆ ಇತ್ತಲ್ಲ ಎಂದು ಕೇಳಬಹುದು. ಇತ್ತು, ಆದರೂ ರಥ ಇಳಿದದ್ದನ್ನು ಕವಿ ಮುಚ್ಚಿಡಲಿಲ್ಲ. ಇರುವ ಸಾಲನ್ನು ತೆಗೆದು ಸುಮ್ಮನಿರುವುದು ಕೌಶಿಕ ಮಾಡಬೇಕಿದ್ದ ಕೆಲಸ. ಆ ಜಾಗದಲ್ಲಿ ಬೇರೊಂದು ಊರಿನ ಐಪಿ ವಿಳಾಸ ತುರುಕಿ ನಂಬಿಸುವುದು ಧರ್ಮರಾಯನ ದಾರಿ. ಮೊದಲನೆಯದು ಸಲ್ಲುತ್ತದೆ, ಎರಡನೆಯದು ಸಲ್ಲದು.

ಬೆದರಿಕೆ ಪತ್ರ ಕಳಿಸುವವನಿಗೂ ಇದೇ ಮರೆ ಸಿಗುವುದಿಲ್ಲವೇ? ಪತ್ರ ಪಡೆದವನಿಂದ ಮರೆ ಸಿಗುತ್ತದೆ, ಕಾನೂನಿನಿಂದಲ್ಲ. ಸರ್ವರಿನ ಲಾಗ್‌ನಲ್ಲಿ ಅದೇ ಐಪಿ ವಿಳಾಸ ಉಳಿದಿರುತ್ತದೆ. ಆದರೆ ಉಳಿದದ್ದೆಲ್ಲ ಒಂದಲ್ಲ ಒಂದು ದಿನ ಯಾರಾದರೂ ಕೇಳುವಂಥದ್ದೇ. ಫಿನ್ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ 1993ರಲ್ಲಿ, ಕಳಿಸಿದವರ ಗುರುತು ತೆಗೆದು ಪತ್ರ ದಾಟಿಸುವ ಸರ್ವರ್ ತೆರೆದರು. ಉತ್ತರಗಳು ಹಿಂದಿರುಗಲೆಂದು ಯಾರು ಯಾರೆಂಬ ಪಟ್ಟಿ ಅವರ ಬಳಿಯೇ ಇತ್ತು. 1995ರಲ್ಲಿ ಸೈಂಟಾಲಜಿ ಚರ್ಚಿನ ದೂರಿನ ಮೇಲೆ ಪೊಲೀಸರು ಬಂದಾಗ ಒಬ್ಬ ಬಳಕೆದಾರನ ವಿಳಾಸ ಕೊಡಲೇಬೇಕಾಯಿತು. ಮರುವರ್ಷ ಸೇವೆಯನ್ನೇ ನಿಲ್ಲಿಸಿದರು.

ಹಾಗಾದರೆ ಅಪಾಯದಲ್ಲಿರುವ ಆಯ್ದ ಕೆಲವರಿಗಷ್ಟೇ ಆ ಸಾಲನ್ನು ತೆಗೆದರೆ ಸಾಲದೇ ಎಂದು ಕೇಳಬಹುದು. ಆ ಕ್ರಮಕ್ಕೂ ಇಂಥದೇ ಪಟ್ಟಿ ಬೇಕಾಗುತ್ತದೆ ಎಂಬುದೇ ನನ್ನ ತಕರಾರು. ಪೋಸ್ಟ್‌ಫಿಕ್ಸ್‌ನ ಹೆಡರ್ ತಪಾಸಣೆ ಒಂದು ಸಲಕ್ಕೆ ಒಂದೇ ಸಾಲು ನೋಡುತ್ತದೆ; ಕಳಿಸಿದವರಾರು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಕೆಲವರ ಪತ್ರಗಳನ್ನು ಬೇರೆ ದಾರಿಗೆ ತಿರುಗಿಸಲು ಅವರ ವಿಳಾಸಗಳ ಕಡತವೊಂದನ್ನು ಬರೆದಿಡಬೇಕಾಗುತ್ತದೆ. ಹೆದರಿ ಬದುಕುವವರ ಹೆಸರುಗಳೆಲ್ಲ ಆಗ ಒಂದೇ ಕಡೆ ಸೇರುತ್ತವೆ. ಲಾಗಿನ್ ಆಗಿ ಪತ್ರ ಕಳಿಸುವ ಪ್ರತಿಯೊಬ್ಬರ ಮೊದಲ ಸಾಲನ್ನೂ ತೆಗೆದುಬಿಟ್ಟರೆ ಆ ಕಡತವೇ ಬೇಕಿಲ್ಲ. ಲಾಗ್ ಎಷ್ಟು ದಿನ ಇಟ್ಟುಕೊಳ್ಳುತ್ತೇವೆ ಎಂಬುದನ್ನು ಬಳಕೆದಾರರಿಗೆ ಮೊದಲೇ ತಿಳಿಸಿದರಾಯಿತು.